ನಾಯಿಗೆ ಯಾಕೆ ನನ್ನ ಹೆಸರಿಟ್ರಿ?

ಈ ವಾರವೆಲ್ಲ ಒಬ್ಬ ಚಿಕ್ಕ ಹುಡುಗನ ಮಾತು ಕಿವಿಯಲ್ಲೇ ಉಳಿದಿದೆ. ಅತ್ತೆಯ ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸಲು ಕುಶಾಲನಗರಕ್ಕೆ ಹೋಗಿದ್ದೆ. ನನ್ನ ಮುಂದೆ ಒಬ್ಬ ತಾಯಿ, ಮಗನ ಬೆರಳಚ್ಚು ಕೊಡಿಸಲು ಬಂದಿದ್ದಳು. ಐದು ತುಂಬಿದ ಮಕ್ಕಳಿಗೆ ಹೊಸದಾಗಿ ಮಾಡಿಸಬೇಕಲ್ವಾ, ಅದಕ್ಕೆ. ಹುಡುಗ ಸ್ಟೂಲ್ ಮೇಲೆ ನಿಂತು ಬೆರಳು ಒತ್ತುತ್ತಿದ್ದ. ಅಚ್ಚು ಸರಿಯಾಗಿ ಬೀಳುತ್ತಿರಲಿಲ್ಲ. ಆಪರೇಟರ್ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿ, "ಗಟ್ಟಿ ಒತ್ತು ಮರಿ" ಅಂದ. ಆಮೇಲೆ ಸ್ಕ್ರೀನ್ ನೋಡಿ ಹೆಸರು ಓದಿದ: "ರಾಕಿ. ಸರಿ ಉಂಟಲ್ಲ?"

ಹಿಂದೆ ನಿಂತಿದ್ದ ತೋಟದ ಸಾಹುಕಾರರೊಬ್ಬರು ಜೋರಾಗಿಯೇ ಹೇಳಿದರು: "ಎಂತ ಹೆಸರಮ್ಮ ಇದು? ನಮ್ಮ ನಾಯಿಗೂ ಅದೇ ಹೆಸರು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ತಾಯಿ ತಲೆ ತಗ್ಗಿಸಿ, "ಅವರಪ್ಪ ಇಟ್ಟಿದ್ದು ಸಾರ್" ಅಂದಳು. ಹುಡುಗ ಮೊದಲು ಅಮ್ಮನ ಮುಖ ನೋಡಿದ. ಆಮೇಲೆ ತಿರುಗಿ ಸಾಹುಕಾರರನ್ನೇ ಕೇಳಿದ: "ನಾಯಿಗೆ ಯಾಕೆ ನನ್ನ ಹೆಸರಿಟ್ರಿ?"

ಜನ ಇನ್ನೂ ಜೋರಾಗಿ ನಕ್ಕರು. ಹುಡುಗ ನಗಲಿಲ್ಲ. ಅವನು ಉತ್ತರಕ್ಕೆ ಕಾಯುತ್ತಿದ್ದ. ಒದ್ದೆ ಬೆರಳುಗಳನ್ನು ಹಾಗೇ ಅಗಲಿಸಿ ಹಿಡಿದುಕೊಂಡು, ಆ ದೊಡ್ಡ ಮನುಷ್ಯ ಏನಾದರೂ ಹೇಳ್ತಾರಾ ಅಂತ ನೋಡುತ್ತಿದ್ದ. ಅವರು ಫೋನ್ ತೆಗೆದು ಅದರಲ್ಲಿ ಮುಳುಗಿದರು. ಅವರು ಕೆಟ್ಟವರು ಅಂತ ನನಗೆ ಅನ್ನಿಸಲಿಲ್ಲ. ಆದರೆ ತಮ್ಮ ಸರೀಕರ ಮಗುವಾಗಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸು, ಮಾಸಿದ ಸ್ವೆಟರ್, ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅಂಥವರ ಮಕ್ಕಳ ಹೆಸರಿಗೆ ನಗಲು ನಾವು ಯಾರ ಅನುಮತಿಯನ್ನೂ ಕೇಳುವುದಿಲ್ಲ.

ಇದೇ ಕೊಡಗಿನಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರನ್ನು ಇಡೀ ಸೈನ್ಯ ಟಿಮ್ಮಿ ಅಂತ ಕರೆಯಿತು. ನಾವೂ ಪ್ರೀತಿಯಿಂದ ಅದನ್ನೇ ಹೇಳುತ್ತೇವೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಮಗಳು ಗೌರಮ್ಮನನ್ನು ಲಂಡನ್ನಿಗೆ ಕರೆದುಕೊಂಡು ಹೋದ. 1852ರಲ್ಲಿ ಅವಳಿಗೆ ದೀಕ್ಷಾಸ್ನಾನವಾದಾಗ ವಿಕ್ಟೋರಿಯಾ ರಾಣಿಯ ಹೆಸರನ್ನೇ ಕೊಟ್ಟರು. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಸೆಲೆಬ್ರಿಟಿ ಹೆಸರು ಎಲ್ಲಿತ್ತು? ಅದು ಇತಿಹಾಸವಾಯಿತು. ಆದರೆ ಬಿಡದಿ ಹತ್ತಿರದ ಭದ್ರಾಪುರದ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಮಕ್ಕಳಿಗೆ ಗೂಗಲ್, ಕಾಫಿ, ಹೈಕೋರ್ಟ್ ಅಂತ ಹೆಸರಿಟ್ಟರೆ ಟಿವಿಯವರಿಗೆ ತಮಾಷೆಯ ಸುದ್ದಿ.

ಜರ್ಮನಿಯಲ್ಲೂ ಇದೇ ಆಗಿದೆ. 'ಹೋಮ್ ಅಲೋನ್' ಸಿನಿಮಾ ಬಂದ ಮೇಲೆ, 1991ರಲ್ಲಿ, ಅಲ್ಲಿ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಆ ಸಿನಿಮಾದ ಹುಡುಗನದು, ಕೆವಿನ್. ಆಮೇಲೆ ಅದು ಬಡವರ, ಓದದವರ ಮನೆಯ ಹೆಸರು ಅನ್ನುವ ಭಾವನೆ ಬಂತು. 2009ರಲ್ಲಿ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಪ್ರಾಥಮಿಕ ಶಾಲೆಯ ಶಿಕ್ಷಕರನ್ನೇ ಕೇಳಿತು. ಕೆವಿನ್ ಅಂದರೆ ತುಂಟ, ಓದಿನಲ್ಲಿ ಹಿಂದೆ ಅಂತ ಅವರು ಹೆಸರು ನೋಡಿಯೇ ಅಂದುಕೊಳ್ಳುತ್ತಿದ್ದರು. ಅದು ಹೆಸರಲ್ಲ, ರೋಗ ಅನ್ನುವ ಅರ್ಥದಲ್ಲಿ ಒಬ್ಬ ಶಿಕ್ಷಕರು ಬರೆದೂ ಬಿಟ್ಟಿದ್ದರು. ಮಗು ಇನ್ನೂ ಕ್ಲಾಸಿಗೆ ಕಾಲಿಟ್ಟಿರುವುದಿಲ್ಲ. ಅಷ್ಟರೊಳಗೆ ತೀರ್ಪು ಆಗಿಹೋಗಿರುತ್ತದೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಹಾಗಂತ ಅಪ್ಪ ಅಮ್ಮ ಏನು ಬೇಕಾದರೂ ಇಡಲಿ ಅಂತ ನಾನು ಹೇಳುವುದಿಲ್ಲ. 'ಗೇಮ್ ಆಫ್ ಥ್ರೋನ್ಸ್' ಟಿವಿ ಸರಣಿ ನೋಡಿ 2018ರ ಒಂದೇ ವರ್ಷ ಅಮೆರಿಕದಲ್ಲಿ 500ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ, ಅದರ ಒಬ್ಬ ರಾಣಿಯನ್ನು ಕರೆಯುವ ಹಾಗೆ, ಖಲೀಸಿ ಅಂತ ಹೆಸರಿಟ್ಟರು. ಮರುವರ್ಷ ಕಡೆಯ ಸೀಸನ್‌ನಲ್ಲಿ ಆ ಪಾತ್ರ ಒಂದು ನಗರವನ್ನೇ ಸುಟ್ಟು ಹಾಕಿತು. ಕಥೆ ಮುಗಿಯುವವರೆಗಾದರೂ ಕಾಯಬಹುದಿತ್ತು. ನಮ್ಮಲ್ಲಂತೂ ಅವಸರವೇ ಬೇಕಿಲ್ಲ. ಹೆಸರಿಲ್ಲದೆಯೇ ಜನನ ನೋಂದಣಿ ಮಾಡಿಸಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶವಿದೆ. ಬೇಡ ಅನ್ನುವುದಿದ್ದರೆ ತೊಟ್ಟಿಲಿಗೆ ಹಾಕುವ ಮುಂಚೆ ಹೇಳಬೇಕು, ದೊಡ್ಡವರು ಕೂತು ಮಾತಾಡಬೇಕು. ಮಗು ಆ ಹೆಸರಿಗೆ ಓಗೊಡಲು ಶುರು ಮಾಡಿದ ಮೇಲೆ ಅದು ಮಗುವಿನ ಸ್ವತ್ತು.

ಕೆಲಸ ಮುಗಿಸಿ ಹೊರಗೆ ಬಂದಾಗ ಆ ತಾಯಿ ಬೇಕರಿ ಹತ್ತಿರ ಸಿಕ್ಕಳು. ಹುಡುಗ ಬನ್ ತಿನ್ನುತ್ತಿದ್ದ. ನಾನಾಗಿಯೇ ಮಾತಾಡಿಸಿದೆ. ಗಂಡ ಪಿಕಪ್ ಓಡಿಸುತ್ತಾನಂತೆ, ಕಾಫಿ ಮೂಟೆ ಸಾಗಿಸುತ್ತಾನಂತೆ. 2018ರ ಡಿಸೆಂಬರ್‌ನಲ್ಲಿ, ರಾಕಿ ಅನ್ನುವ ನಾಯಕನ 'ಕೆಜಿಎಫ್' ಸಿನಿಮಾ ಬಂದಾಗ ಇವಳು ಬಸುರಿ. ಇಬ್ಬರೂ ಹೋಗಿ ನೋಡಿದ್ದರು.

"ಎಲ್ಲ ಫೈಟಿಂಗಿಗೆ ಹೆಸರಿಟ್ಟರು ಅಂತಾರೆ ಅಕ್ಕಾ. ಅದಲ್ಲ. ಅದರಲ್ಲಿ ಅಮ್ಮ ಮಗನ ಕಥೆ ಇದೆಯಲ್ಲ. ಇವರಿಗೆ ಚಿಕ್ಕಂದಿನಲ್ಲೇ ಅಮ್ಮ ಹೋಗಿಬಿಟ್ಟರು. ಥಿಯೇಟರಲ್ಲಿ ಅತ್ತುಬಿಟ್ಟರು. ಗಂಡು ಹುಟ್ಟಿದರೆ ರಾಕಿ ಅಂತ ಅಲ್ಲೇ ಹೇಳಿದರು."

ನನಗೆ ಮಾತೇ ಬರಲಿಲ್ಲ. ಸಾಲಿನಲ್ಲಿ ನಕ್ಕವರಿಗೆಲ್ಲ ಇದನ್ನು ಕೇಳಿಸಬೇಕಿತ್ತು. ಪುರಾಣದಿಂದ ಹುಡುಕಿ, ಜಾತಕ ನೋಡಿ, ಅಕ್ಷರ ಕೂಡಿಸಿ ಇಟ್ಟ ಎಷ್ಟೋ ಹೆಸರುಗಳ ಹಿಂದೆ ಇಷ್ಟು ಕಾರಣ ಇರುವುದಿಲ್ಲ. ಪುನೀತ್ ಹೋದ ಮೇಲೆ ಎಷ್ಟು ಮನೆಯವರು ಮಗನಿಗೆ ಅವರ ಹೆಸರಿಟ್ಟರು! ಅದು ಅಭಿಮಾನ ಅಂತ ನಮಗೆ ತಕ್ಷಣ ಗೊತ್ತಾಗುತ್ತದೆ. ರಾಕಿ ಅಂದಾಗ ಮಾತ್ರ ನಾಯಿ ಯಾಕೆ ನೆನಪಾಗಬೇಕು?

"ಸ್ಕೂಲಿಗೆ ಸೇರಿಸುವಾಗ ಬೇರೆ ಹೆಸರು ಕೊಡ್ಲಾ ಅಕ್ಕಾ? ಎಲ್ಲ ಹೀಗೇ ಅಂತಾರೆ" ಅಂದಳು. ಹುಡುಗ ಬನ್ ಕೈಯಲ್ಲಿ ಹಿಡಿದು ನಮ್ಮಿಬ್ಬರನ್ನೂ ನೋಡಿದ. "ಬೇಡ, ಅದು ಅವನ ಹೆಸರು" ಅಂದೆ. ಬರುವ ಜೂನ್‌ಗೆ ಅವನು ಒಂದನೇ ಕ್ಲಾಸು. ಯಾವ ಶಾಲೆಯೋ, ಯಾವ ಟೀಚರೋ. ಮೊದಲ ದಿನ ಹಾಜರಿ ಕರೆಯುವಾಗ ಬೇರೆ ಮಕ್ಕಳ ಹೆಸರಿನ ಹಾಗೇ ಅವನ ಹೆಸರನ್ನೂ ಓದಿ, ಅವನು "ಪ್ರೆಸೆಂಟ್ ಮಿಸ್" ಅಂದ ಮೇಲೆ ಮುಂದಿನ ಹೆಸರಿಗೆ ಹೋಗಲಿ.