ಕನ್ನಡಿ ಹೋದ ಮೇಲೆ ಸೆನ್ಸರ್ ಪಾಲಿಗೆ ಬಂದ ಕೆಲಸ

ಹಲವು ಕಾರ್ಖಾನೆಗಳಿರುವ ಒಂದು ಕಂಪನಿಯ ಆಂತರಿಕ ಪತ್ರಿಕೆ, ವಾರ್ಷಿಕ ವರದಿ, ಸುರಕ್ಷತಾ ತರಬೇತಿ ಇವುಗಳಿಗೆಲ್ಲ ಚಿತ್ರ ತೆಗೆದುಕೊಡುವುದು ನನ್ನ ಉದ್ಯೋಗ. ಬೆಳಿಗ್ಗೆ ಸಭಾಂಗಣದಲ್ಲಿ ಭಾಷಣ, ಮಧ್ಯಾಹ್ನ ಯಂತ್ರಗಳ ನಡುವೆ ಓಡಾಟ, ಸಂಜೆ ನಿವೃತ್ತರಾಗುವವರ ಭಾವಚಿತ್ರ. ಮೊದಲು ಹೆಗಲು ಜಗ್ಗುವ, ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಹೊತ್ತು ತಿರುಗುತ್ತಿದ್ದೆ. ಈಗ ಚೀಲದ ಒಂದು ಮೂಲೆಯಲ್ಲಿ ಕೂರುವ, ಆ ಕನ್ನಡಿಯಿಲ್ಲದ ಪುಟ್ಟ ಮಿರರ್‌ಲೆಸ್ ಇದೆ. ಭಾರ ಕಡಿಮೆಯಾಯಿತು ಎಂದು ಎಲ್ಲರೂ ಹೊಗಳುತ್ತಾರೆ. ಇಳಿದ ಭಾರ ಯಾರ ಮೇಲೆ ಬಿತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ, ಅದು ಸಂಬಳದ ಕೆಲಸಕ್ಕೆ ಈ ಕ್ಯಾಮೆರಾ ಬಳಸತೊಡಗಿದ ಮೇಲೆಯೇ ಅರಿವಿಗೆ ಬರುವಂಥದ್ದು.

ಡಿಎಸ್‌ಎಲ್‌ಆರ್ ಒಳಗೆ ಲೆನ್ಸಿನಿಂದ ಬಂದ ಬೆಳಕನ್ನು ಒಂದು ಕನ್ನಡಿ ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ, ಒಂದು ಪಾಲನ್ನು ಫೋಕಸ್ ಅಳೆಯುವ ಪ್ರತ್ಯೇಕ ಘಟಕಕ್ಕೆ ಕಳಿಸುತ್ತದೆ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಅಲ್ಲಿಯವರೆಗೆ ಕತ್ತಲಲ್ಲಿ ಸುಮ್ಮನಿದ್ದು, ಗುಂಡಿ ಒತ್ತಿದಾಗ ಮಾತ್ರ ಕೆಲಸಕ್ಕೆ ಏಳುತ್ತದೆ. 2008ರಲ್ಲಿ ಪ್ಯಾನಸಾನಿಕ್‌ನ ಲ್ಯೂಮಿಕ್ಸ್ ಜಿ1 ಆ ಕನ್ನಡಿಯನ್ನೇ ಕೈಬಿಟ್ಟಿತು. ಒಂದೊಂದಾಗಿ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಕನ್ನಡಿ ಆಡುವುದಕ್ಕೆ ಜಾಗ ಬೇಡವಾದದ್ದರಿಂದ ಕ್ಯಾಮೆರಾದ ಹೊಟ್ಟೆ ಕರಗಿತು: ಕ್ಯಾನನ್‌ನ ಇಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಉಂಗುರದಿಂದ ಸೆನ್ಸರಿಗೆ 44 ಮಿ.ಮೀ. ಅಂತರ, ಸೋನಿಯ ಇ ಮೌಂಟಿನಲ್ಲಿ 18 ಮಿ.ಮೀ. ಕಂಪನಿಯಲ್ಲಿ ಒಬ್ಬರು ಬಿಟ್ಟು ಹೋದರೆ ಅವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದೆ ಎಲ್ಲವನ್ನೂ ಪಕ್ಕದ ಮೇಜಿನವರಿಗೆ ವಹಿಸುತ್ತಾರಲ್ಲ, ಇಲ್ಲಿಯೂ ಹಾಗೆಯೇ ಆಯಿತು. ಕಣ್ಣಿಗೆ ತೋರಿಸುವುದು, ಬೆಳಕು ಅಳೆಯುವುದು, ಫೋಕಸ್ ಹಿಡಿಯುವುದು, ಕೊನೆಗೆ ಚಿತ್ರ ದಾಖಲಿಸುವುದು, ಎಲ್ಲವೂ ಸೆನ್ಸರಿನ ತಲೆಗೆ ಬಂತು. ಸಣ್ಣ ಕ್ಯಾಮೆರಾದ ಗುಣ ದೋಷಗಳಲ್ಲಿ ಹೆಚ್ಚಿನವನ್ನು ಈ ಒಂದು ಮಾತಿನಿಂದ ಬಿಡಿಸಿ ನೋಡಬಹುದು.

ಬ್ಯಾಟರಿ ಬೇಗ ಇಳಿಯುವುದಕ್ಕೂ ಇದೇ ಕಾರಣ. ಸೆನ್ಸರ್, ಪರದೆ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಸದಾ ಉರಿಯುತ್ತಿರುತ್ತವೆ. ಒಂದು ಚಾರ್ಜಿನಲ್ಲಿ ಸಾವಿರ ಚಿತ್ರ ದಾಟುತ್ತಿದ್ದ ಡಿಎಸ್‌ಎಲ್‌ಆರ್‌ಗಳಿದ್ದವು. ಸಣ್ಣ ಮಿರರ್‌ಲೆಸ್‌ಗಳಲ್ಲಿ ಮುನ್ನೂರು ನಾನೂರು ಸಾಮಾನ್ಯ. ಒಂದು ನಿಮಿಷಕ್ಕೆ ನಿದ್ದೆ ಹೋಗುವಂತೆ ಹೊಂದಿಸಿ, ಬ್ಲೂಟೂತ್ ಆರಿಸಿ, ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇಟ್ಟುಕೊಂಡರೆ ಮುಗಿಯಿತು. ಇದನ್ನು ದೊಡ್ಡ ಸಮಸ್ಯೆ ಮಾಡಿ ಉದ್ದುದ್ದ ಬರೆಯುವವರಿದ್ದಾರೆ, ನನಗೆ ಹಾಗೆ ಅನಿಸುವುದಿಲ್ಲ.

ದೊಡ್ಡ ಸಮಸ್ಯೆ ಮೌನದಲ್ಲಿದೆ. ಬೆಳಕು ಎಷ್ಟು ಹೊತ್ತು ಬೀಳಬೇಕೆಂದು ನಿಯಂತ್ರಿಸುವ ಶಟರ್ ಈ ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ರೂಪದಲ್ಲೂ ಇರುತ್ತದೆ, ಸಭಾಂಗಣದಲ್ಲಿ ಅದು ವರದಾನವೆಂದೇ ತೋರುತ್ತದೆ. ಭಾಷಣಕಾರರ ಮಾತಿನ ನಡುವೆ ಟಕ್ ಟಕ್ ಎನಿಸಿ ಮುಂದಿನ ಸಾಲಿನವರ ಹುಬ್ಬು ಗಂಟಾಗುವುದು ತಪ್ಪುತ್ತದೆ. ಹೊಸದಾಗಿ ಸೇರಿದ ಸಹಾಯಕಿ ಒಮ್ಮೆ ಪಿಸುಗುಟ್ಟಿ ಕೇಳಿದ್ದರು, "ಸರ್, ತೆಗೆಯುತ್ತಿದ್ದೀರಾ, ಸುಮ್ಮನೆ ನೋಡುತ್ತಿದ್ದೀರಾ?" ಆದರೆ ಆ ಮೌನದಲ್ಲಿ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ಓದುತ್ತದೆ, ಸಾಧಾರಣ ದರ್ಜೆಯ ಸೆನ್ಸರುಗಳಲ್ಲಿ ಆ ಓದಿಗೆ 1/15 ಅಥವಾ 1/30 ಸೆಕೆಂಡ್ ಹಿಡಿಯುವುದುಂಟು. ಶಟರ್ ವೇಗವನ್ನು 1/1000ಕ್ಕೆ ಇಟ್ಟರೂ ಈ ಓದುವ ಸಮಯ ಕಡಿಮೆಯಾಗುವುದಿಲ್ಲ. ಪ್ರತಿ ಸಾಲಿಗೂ 1/1000 ಸೆಕೆಂಡ್ ಬೆಳಕು ಸಿಗುತ್ತದೆ ನಿಜ, ಮೊದಲ ಸಾಲಿಗೂ ಕೊನೆಯ ಸಾಲಿಗೂ ಅದು ಸಿಗುವ ಹೊತ್ತು ಬೇರೆ ಬೇರೆ.

ಈಗ ದೀಪಗಳನ್ನು ಗಮನಿಸಿ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಟ್ಯೂಬ್‌ಲೈಟುಗಳು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ತಿಳಿಯದ ಆ ಮಿನುಗು, ಸಾಲುಸಾಲಾಗಿ ಓದುವ ಸೆನ್ಸರಿಗೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ: ಭಾಷಣಕಾರರ ಬಿಳಿ ಅಂಗಿಯ ಮೇಲೆ ಅಡ್ಡಡ್ಡ ಕಪ್ಪು ನೆರಳು. ಬೆನ್ನ ಹಿಂದಿನ ಪ್ರೊಜೆಕ್ಟರ್ ಒಂದೇ ಚಿಪ್ಪಿನ ಡಿಎಲ್‌ಪಿ ಎಂಬ ಬಗೆಯದಾಗಿದ್ದರೆ ಇನ್ನೂ ತಮಾಷೆ. ಅದು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದರ ಹಿಂದೊಂದು ಎಸೆಯುತ್ತದೆ, ನಮ್ಮ ಚಿತ್ರದಲ್ಲಿ ಮುಖ್ಯಸ್ಥರ ಲಾಭದ ರೇಖಾಚಿತ್ರ ಅರ್ಧ ಹಸಿರು, ಅರ್ಧ ನೇರಳೆ. ಕಂಪ್ಯೂಟರಿನಲ್ಲಿ ಕುಳಿತು ಇದನ್ನು ತಿದ್ದುವುದು ಹೆಚ್ಚುಕಡಿಮೆ ಆಗದ ಮಾತು. ಉಪಾಯ ಸರಳವಾಗಿದೆ: ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪ್ರತಿ ಸಾಲಿಗೂ ಮಿನುಗಿನ ಪೂರ್ತಿ ಸುತ್ತು ಸಿಕ್ಕಿ ಪಟ್ಟೆ ಮಾಯವಾಗುತ್ತದೆ. ವಿದ್ಯುತ್ತು 60 ಹರ್ಟ್ಸ್ ಇರುವಲ್ಲಿ 1/120 ಅಥವಾ 1/60. ಪ್ರೊಜೆಕ್ಟರಿಗೆ 1/60ಕ್ಕಿಂತ ನಿಧಾನವಾದರೆ ಒಳ್ಳೆಯದು. ವೇದಿಕೆಯ ದೊಡ್ಡ ಎಲ್‌ಇಡಿ ಗೋಡೆಗಳು ತಮ್ಮದೇ ಲಯದಲ್ಲಿ ಮಿನುಗುವುದರಿಂದ ಅಲ್ಲಿ ಈ ಲೆಕ್ಕವೂ ಕೈಕೊಡಬಹುದು. ಹಾಗಾಗಿ ಕಾರ್ಯಕ್ರಮಕ್ಕೆ ಮುಂಚೆ, ದೀಪಗಳೆಲ್ಲ ಉರಿದ ಮೇಲೆ, ಖಾಲಿ ವೇದಿಕೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡುತ್ತೇನೆ. ಪಟ್ಟೆ ಕಂಡರೆ, ಪುಟ್ಟ ತೆರೆಗಳು ಸರಕ್ಕನೆ ಸರಿಯುವ ಮೆಕ್ಯಾನಿಕಲ್ ಶಟರಿಗೆ ಮರಳುತ್ತೇನೆ. ಸಣ್ಣ ಸದ್ದು ಬಂದರೆ ಬರಲಿ, ಚಪ್ಪಾಳೆಯ ಹೊತ್ತಿಗೆ ಕಾದು ಒತ್ತಿದರಾಯಿತು.

ಕಾರ್ಖಾನೆಯಲ್ಲಿ ಇದೇ ಗುಣ ಬೇರೆ ವೇಷ ಹಾಕುತ್ತದೆ. ಒಂದು ಘಟಕದಿಂದ ನಮ್ಮ ವಿಭಾಗಕ್ಕೆ ಬಂದ ಚಿತ್ರದಲ್ಲಿ ತಿರುಗುತ್ತಿದ್ದ ಫ್ಯಾನಿನ ರೆಕ್ಕೆಗಳು ಕುಡುಗೋಲಿನಂತೆ ಬಾಗಿದ್ದವು. ಸುರಕ್ಷತಾ ಅಧಿಕಾರಿ ಅದನ್ನು ನೋಡಿದ್ದೇ ತಡ, ಫ್ಯಾನ್ ನಿಲ್ಲಿಸಿ ಪರೀಕ್ಷಿಸಿ ಎಂದು ಫೋನ್ ಮಾಡಿದರು. ಫ್ಯಾನ್ ಗಟ್ಟಿಮುಟ್ಟಾಗಿತ್ತು. ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುವಷ್ಟರಲ್ಲಿ ರೆಕ್ಕೆ ಮುಂದೆ ಸರಿದಿತ್ತು, ಅಷ್ಟೆ. ವರದಿಗೆ ಸೇರುವ, ನಾಳೆ ಯಾರಾದರೂ ಸಾಕ್ಷಿಯೆಂದು ಎತ್ತಿಕೊಳ್ಳಬಹುದಾದ ಯಂತ್ರದ ಚಿತ್ರಗಳಿಗೆ ನಮ್ಮಲ್ಲಿ ಈಗ ಮೆಕ್ಯಾನಿಕಲ್ ಶಟರ್ ಕಡ್ಡಾಯ. 2023ರಲ್ಲಿ ಪ್ರಕಟವಾದ ಸೋನಿ ಎ9 3ರಂತೆ ಇಡೀ ಸೆನ್ಸರನ್ನು ಒಟ್ಟಿಗೆ ಓದುವ ಗ್ಲೋಬಲ್ ಶಟರ್ ಕ್ಯಾಮೆರಾಗಳಿಗೆ ಈ ತೊಡಕಿಲ್ಲ, ಆದರೆ ಅವುಗಳ ಬೆಲೆಯನ್ನು ನಮ್ಮ ಲೆಕ್ಕಪತ್ರ ವಿಭಾಗದ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಭಾವಚಿತ್ರದಲ್ಲೂ ನಾನು ಸದ್ದನ್ನು ಉಳಿಸಿಕೊಳ್ಳುತ್ತೇನೆ, ಕಾರಣ ಮಾತ್ರ ಬೇರೆ. ಸಣ್ಣ ಕ್ಯಾಮೆರಾ ಎದುರಿದ್ದರೆ ಜನ ಅಷ್ಟಾಗಿ ಬೆದರುವುದಿಲ್ಲ, ಅದು ನಿಜವಾದ ಲಾಭ. ದೊಡ್ಡ ಲೆನ್ಸ್ ಕಂಡರೆ ಕುತ್ತಿಗೆ ಸೆಟೆದುಕೊಂಡು ಕೂರುವ ಯಂತ್ರ ಚಾಲಕರು ಇದರ ಮುಂದೆ ಮಾತಾಡುತ್ತ ಮಾತಾಡುತ್ತ ಸಡಿಲವಾಗುತ್ತಾರೆ. ಆದರೆ ಯಾವ ಸದ್ದೂ ಬರದಿದ್ದರೆ ಚಿತ್ರ ತೆಗೆದಾಯಿತೋ ಇಲ್ಲವೋ ತಿಳಿಯದೆ ನಗು ಹೆಪ್ಪುಗಟ್ಟುತ್ತದೆ. ಒಂದು ಮೆಲುವಾದ ಟಕ್ ಕೇಳಿದರೆ ಉಸಿರು ಬಿಡುತ್ತಾರೆ, ಭುಜ ಇಳಿಯುತ್ತದೆ. ಆ ಮರುಕ್ಷಣದ ಮುಖವೇ ಪತ್ರಿಕೆಗೆ ಬೇಕಾದದ್ದು. ಜೊತೆಗೆ, ತಮ್ಮ ಚಿತ್ರ ತೆಗೆಯಲಾಗುತ್ತಿದೆ ಎಂದು ತಿಳಿಯುವುದು ಅವರ ಹಕ್ಕು ಕೂಡ.

ವ್ಯೂಫೈಂಡರ್ ವಿಷಯಕ್ಕೆ ಬಂದರೆ, ನನಗೆ ಈ ಕ್ಯಾಮೆರಾ ಕೊಟ್ಟ ದೊಡ್ಡ ನೆಮ್ಮದಿ ಅದು. ಕಣ್ಣಿಗೆ ಕಾಣುವುದು ಸೆನ್ಸರ್ ಕಂಡದ್ದೇ ಆದ್ದರಿಂದ ಚಿತ್ರ ಎಷ್ಟು ಬೆಳ್ಳಗಾಗುತ್ತದೆ, ಎಷ್ಟು ಕಪ್ಪಾಗುತ್ತದೆ ಎಂಬುದು ಒತ್ತುವ ಮುಂಚೆಯೇ ಗೊತ್ತಾಗುತ್ತದೆ. ಜೀಬ್ರಾ ಗೆರೆಗಳನ್ನು ಹಾಕಿಟ್ಟರೆ ಬಿಳಿ ಹೆಲ್ಮೆಟ್ಟಿನ ಮೇಲೆ ಬೆಳಕು ಮೀರಿದ ಕಡೆಯೆಲ್ಲ ಓರೆ ಗೆರೆಗಳು ಹರಿದಾಡಿ ಎಚ್ಚರಿಸುತ್ತವೆ. ಫ್ಲ್ಯಾಶ್ ಸೇರಿಸಿದೊಡನೆ ಮಾತ್ರ ಈ ಅನುಕೂಲವೇ ತಿರುಗಿಬೀಳಬಹುದು. ಫ್ಲ್ಯಾಶ್ ಇನ್ನೂ ಮಿಂಚಿಲ್ಲವಲ್ಲ, ಕೋಣೆಯ ಬೆಳಕಿನ ಲೆಕ್ಕದಲ್ಲೇ ತೋರಿಸಿ ವ್ಯೂಫೈಂಡರ್ ಕಗ್ಗತ್ತಲಾಗುತ್ತದೆ. ಚಿತ್ರ ಎಷ್ಟು ಬೆಳಗುತ್ತದೆಂದು ಮೊದಲೇ ತೋರಿಸುವ ಎಕ್ಸ್‌ಪೋಷರ್ ಪೂರ್ವವೀಕ್ಷಣೆಯನ್ನು ಮೆನುವಿನಲ್ಲಿ ಬಂದ್ ಮಾಡಿದರೆ ಎಲ್ಲ ಸ್ಪಷ್ಟ. ಮೆನುವಿನ ಆಳದಲ್ಲಿ ಹುದುಗಿರುವ ಇದನ್ನು ಸ್ಟುಡಿಯೊ ಕೆಲಸಕ್ಕೆಂದು ಡಯಲಿನ ಒಂದು ಸ್ವಂತ ಸ್ಥಾನಕ್ಕೆ ಫ್ಲ್ಯಾಶ್ ವೇಗದ ಜೊತೆ ಉಳಿಸಿಟ್ಟಿದ್ದೇನೆ. ಸಭಾಂಗಣಕ್ಕೆ ಇನ್ನೊಂದು ಸ್ಥಾನ. ಕ್ಯಾಮೆರಾ ಮೂವರ ಕೈಯಲ್ಲಿ ಓಡಾಡುವ ಕಚೇರಿಯಲ್ಲಿ ಇಂಥ ಸ್ಥಾನಗಳು ಜಗಳ ತಪ್ಪಿಸುತ್ತವೆ.

ಧೂಳಿಗೂ ಕನ್ನಡಿಗೂ ನಂಟಿದೆ. ಲೆನ್ಸ್ ತೆಗೆದರೆ ಸೆನ್ಸರ್ ಬಾಗಿಲಲ್ಲೇ ನಿಂತಿರುತ್ತದೆ, ಎಷ್ಟೋ ಮಾದರಿಗಳಲ್ಲಿ ಸ್ವಿಚ್ ಆರಿಸಿದರೂ ಶಟರ್ ತೆರೆದೇ ಇರುತ್ತದೆ. ಲೋಹ ಅರೆಯುವ ಜಾಗದಲ್ಲಿ ಲೆನ್ಸ್ ಬದಲಿಸುವುದನ್ನು ನಾನು ಬಿಟ್ಟೇ ಬಿಟ್ಟಿದ್ದೇನೆ. ಒಂದು ಜೂಮ್ ಹಾಕಿ ಒಳಗೆ ಹೋದರೆ ಅದರಲ್ಲೇ ಹೊರಗೆ ಬರುವುದು. ಬದಲಿಸಲೇಬೇಕಾದರೆ ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿಯುತ್ತೇನೆ. ವಾರದ ಕೊನೆಗೆ ಎಫ್ 16ರಲ್ಲಿ (ಎಫ್ ಅಂಕಿ ಹೆಚ್ಚಿದಷ್ಟೂ ಲೆನ್ಸಿನ ಕಿಂಡಿ ಕಿರಿದು) ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆದು ನೋಡಿದರೆ ಕೂತ ಧೂಳೆಲ್ಲ ಬೂದು ಚುಕ್ಕೆಗಳಾಗಿ ಎದ್ದು ಕಾಣುತ್ತದೆ; ಬಹುಪಾಲು ರಬ್ಬರ್ ಬ್ಲೋವರ್ ಒತ್ತಿದರೆ ಹಾರಿಹೋಗುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ಹನಿ ಧೂಳಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಪ್ರತಿ ಸಲ ಬಜೆಟ್ ಹೊತ್ತಿಗೆ ಮೇಲಿನವರು ಕೇಳುವುದುಂಟು, "ಹೊಸ ಮಾಡೆಲ್ ಬಂದಿದೆಯಂತೆ, ತರಿಸೋಣವೇ?" 24 ಮೆಗಾಪಿಕ್ಸೆಲ್ ಎಂದರೆ 6000 ಅಡ್ಡ, 4000 ಉದ್ದ ಬಿಂದುಗಳು. ಪತ್ರಿಕೆಯ ಪೂರ್ತಿ ಪುಟ ತುಂಬಿ ಮಿಗುತ್ತದೆ. ನನಗೆ ಸಾಲದೆ ಬರುವುದು ಬೆಳಕು. ಜೊತೆಯಲ್ಲಿ ಬಂದ ಕಿಟ್ ಜೂಮ್ 50 ಮಿ.ಮೀ.ಗೆ ಚಾಚಿದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಮಿ.ಮೀ. ಎಫ್ 1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬಿಡುತ್ತದೆ: ಮಂದ ಸಭಾಂಗಣದಲ್ಲಿ ಐಎಸ್‌ಒ, ಅಂದರೆ ಬೆಳಕಿನ ಸೂಕ್ಷ್ಮತೆಯ ಅಂಕಿ, 6400 ಬೇಡುತ್ತಿದ್ದ ಚಿತ್ರ 640ರಲ್ಲಿ ಮುಗಿಯುತ್ತದೆ. ಕೈ ನಡುಕ ತಡೆಯುವ ವ್ಯವಸ್ಥೆ ಈ ಕೆಲಸ ಮಾಡದು. ಅದು ನನ್ನ ಕೈಯನ್ನು ಸಂಭಾಳಿಸುತ್ತದೆ, ಕೈಬೀಸಿ ಮಾತಾಡುವ ಭಾಷಣಕಾರರನ್ನಲ್ಲ. ಹಾಗಾಗಿ ಈ ಸಲದ ಬೇಡಿಕೆ ಪಟ್ಟಿಯಲ್ಲಿ ಕ್ಯಾಮೆರಾ ಇಲ್ಲ. ಒಂದು ಎಫ್ 1.8 ಲೆನ್ಸ್, ಎರಡು ಬ್ಯಾಟರಿ, ಒಂದು ಬ್ಲೋವರ್ ಬರೆದು ಕಳಿಸಿದ್ದೇನೆ. ಲೆನ್ಸಿಗೆ ತಕರಾರಿಲ್ಲದೆ ಸಹಿ ಬಿದ್ದಿದೆ. ಬ್ಲೋವರ್ ಯಾವ ಖಾತೆಗೆ ಸೇರುತ್ತದೆ ಎಂಬ ಪತ್ರವ್ಯವಹಾರ ಇನ್ನೂ ನಡೆಯುತ್ತಿದೆ.