ಉಣ್ಣೆಗೆ ನೀಲಿ, ಅವಸರವಿಲ್ಲದೆ
ಶನಿವಾರ, 14 ಡಿಸೆಂಬರ್ 2024

ಬೆಳಗ್ಗೆಯೆಲ್ಲ ಬಣ್ಣದ ಪಾತ್ರೆಯ ಮುಂದೆಯೇ ಇದ್ದೆ. ಉಣ್ಣೆ ನೂಲಿನ ಲಡಿ, ನೀಲಿ ರಿಯಾಕ್ಟಿವ್ ಬಣ್ಣ, ಅಂದರೆ ಎಳೆಯ ಜೊತೆ ರಾಸಾಯನಿಕ ಬಂಧ ಕಟ್ಟುವ ಬಣ್ಣ. 40 ಡಿಗ್ರಿಯಿಂದ ಶುರು ಮಾಡಿ, ನಿಮಿಷಕ್ಕೆ ಒಂದು ಡಿಗ್ರಿಗಿಂತ ಜಾಸ್ತಿ ಏರದ ಹಾಗೆ ಕಾಯಿಸಿದೆ.

ಹತ್ತಿಗಾಗಿ ರಿಯಾಕ್ಟಿವ್ ಬಣ್ಣ ಮೊದಲು ಮಾರುಕಟ್ಟೆಗೆ ಬಂದಿದ್ದು 1956ರಲ್ಲಿ, ಪ್ರೋಸಿಯಾನ್ ಹೆಸರಿನಲ್ಲಿ. ಹತ್ತಿಗೆ ಈ ಬಣ್ಣ ಕೂರಲು ಸೋಡಾದಂತಹ ಕ್ಷಾರ ಬೇಕೇ ಬೇಕು. ಅದೇ ಸೋಡಾ ನೀರಲ್ಲಿ ಉಣ್ಣೆಯನ್ನು ಕಾಯಿಸಿದರೆ ನೂಲು ಒರಟಾಗುತ್ತದೆ, ಹಳದಿಗೆ ತಿರುಗುತ್ತದೆ, ಬಲವೂ ಹೋಗುತ್ತದೆ. ಪುಣ್ಯಕ್ಕೆ ಉಣ್ಣೆಗೆ ಅದರ ಅಗತ್ಯವೇ ಇಲ್ಲ. ಅದು ಪ್ರೋಟೀನ್, ಅಲ್ವಾ? ಅದರೊಳಗಿನ ಅಮೈನೋ ಆಮ್ಲಗಳ ಪೈಕಿ ಲೈಸೀನಿನ ಅಮೈನೋ ಗುಂಪು, ಸಿಸ್ಟೀನಿನ ಥಯಾಲ್ ಗುಂಪು ಬಣ್ಣದ ಅಣುವನ್ನು ತಾವೇ ಹಿಡಿದುಕೊಳ್ಳುತ್ತವೆ.

ನನಗೆ ತುಂಬಾ ಇಷ್ಟವಾಗುವ ಭಾಗ ನೀರಿನ ಹುಳಿಯನ್ನು ಅಳೆಯುವ ಪಿಎಚ್‌ನದು. ಹುಳಿ ನೀರಲ್ಲಿ ಅಮೈನೋ ಗುಂಪುಗಳು ಪ್ರೋಟಾನ್ ತೆಗೆದುಕೊಂಡು ಧನ ವಿದ್ಯುದಂಶ ಪಡೆಯುತ್ತವೆ. ಬಣ್ಣದ ಅಣುವಿನಲ್ಲಿರುವ ಸಲ್ಫೋನೇಟ್ ಗುಂಪಿನದು ಋಣ ವಿದ್ಯುದಂಶ. ಹಾಗಾಗಿ ಬಣ್ಣ ಎಳೆಯೊಳಗೆ ನುಗ್ಗುತ್ತದೆ. ಆದರೆ ಪ್ರೋಟಾನ್ ಹೊತ್ತ ಅಮೈನೋ ಗುಂಪು ಬಣ್ಣದ ಜೊತೆ ಬಂಧ ಕಟ್ಟಲಾರದು! ಹುಳಿ ಜಾಸ್ತಿಯಾದರೆ ಬಣ್ಣ ಬೇಗ ಏರುತ್ತದೆ, ಬಂಧ ತಡವಾಗುತ್ತದೆ. ಕಡಿಮೆಯಾದರೆ ಬಣ್ಣ ನೀರಲ್ಲೇ ಉಳಿಯುತ್ತದೆ. ನಾನು 5ರಿಂದ 5.5ರ ನಡುವೆ ಇಟ್ಟುಕೊಂಡಿದ್ದೆ.

ನಿಧಾನವಾಗಿ ಕಾಯಿಸುವುದು ಸುಮ್ನೆ ಅಲ್ಲ. ಸಾಮಾನ್ಯ ಆಸಿಡ್ ಬಣ್ಣ ಕುದಿಯುವಾಗ ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆ ಹೋಗಿ ಕೂರಬಲ್ಲದು, ಕಲೆ ತಾನಾಗಿ ಸಮವಾಗುತ್ತದೆ. ರಿಯಾಕ್ಟಿವ್ ಬಣ್ಣ ಕೋವೇಲೆಂಟ್ ಬಂಧ, ಅಂದರೆ ಗಟ್ಟಿ ರಾಸಾಯನಿಕ ಬಂಧ, ಕಟ್ಟಿತೋ, ಮುಗಿಯಿತು. ಎಲ್ಲಿ ಕೂತಿದೆಯೋ ಅಲ್ಲೇ. ಅದೂ ಅಲ್ಲದೆ ಕುರಿಯ ಮೈಮೇಲಿದ್ದಾಗ ಬಿಸಿಲು ಮಳೆಗೆ ಸವೆದ ಎಳೆಯ ತುದಿ, ಬುಡಕ್ಕಿಂತ ಬೇಗ ಬಣ್ಣ ಹೀರುತ್ತದೆ. ನೂಲನ್ನು ಬಿಡಿಸಿ ಕಣ್ಣಿಗೆ ಹತ್ತಿರ ಹಿಡಿದರೆ ಕಡುನೀಲಿ, ತಿಳಿನೀಲಿ ಎಳೆಗಳು ಒಟ್ಟೊಟ್ಟಿಗೆ ಕಾಣುತ್ತವೆ. ಇದಕ್ಕೆಂದೇ ಬಣ್ಣ ಸಮವಾಗಿಸುವ ರಾಸಾಯನಿಕ ಹಾಕಿದ್ದೆ. 70 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ್ದೂ ಇದಕ್ಕೇ.

ಕುದಿ ಮುಗಿಯುವ ಹೊತ್ತಿಗೆ ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಅದನ್ನು ನಂಬಬಾರದು. ನೀರಿನ ಜೊತೆಗೇ ವರ್ತಿಸಿ ಕೆಟ್ಟ ಬಣ್ಣವೂ ಎಳೆಯಲ್ಲಿ ಅಂಟಿಕೊಂಡಿರುತ್ತದೆ, ಬಂಧವಿಲ್ಲದೆ. 80 ಡಿಗ್ರಿಗೆ ಇಳಿಸಿ, ಅಮೋನಿಯಾ ಹಾಕಿ ಪಿಎಚ್ 8.5ಕ್ಕೆ ತಂದೆ. ಅಮೈನೋ ಗುಂಪುಗಳ ಸೆಳೆತ ತಗ್ಗಿತು, ತಿಳಿನೀರು ನೋಡನೋಡುತ್ತಲೇ ಮತ್ತೆ ನೀಲಿಯಾಯಿತು. ಹದಿನೈದು ನಿಮಿಷದ ನಂತರ ತೊಳೆದು, ಒದ್ದೆ ಲಡಿಯನ್ನು ಬಿಳಿ ಬಟ್ಟೆಗೆ ಒತ್ತಿ ನೋಡಿದೆ. ಬಟ್ಟೆಗೆ ಏನೂ ಹತ್ತಲಿಲ್ಲ.

ನಾಳೆ ಹಸಿರು. ನೀಲಿ, ಹಳದಿ ಎರಡೂ ಒಂದೇ ವೇಗದಲ್ಲಿ ಏರುತ್ತವೆಯೇ ಅಂತ ಮೊದಲು ಸಣ್ಣ ತುಂಡಿನಲ್ಲಿ ನೋಡಬೇಕು.