ಎಚ್‌ಡಿಎ ಹೋಗಿ ಎಸ್‌ಡಿಎ ಆದ ರಾತ್ರಿ

2014ರ ನವೆಂಬರ್. ನಮ್ಮೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ 'ಬೆಲ್ಲಾರಿ'ಯಿಂದ 'ಬಳ್ಳಾರಿ'ಗೆ ಬದಲಾದ ತಿಂಗಳು. ಕೌಲ್ ಬಜಾರಿನಲ್ಲಿ ಮಾವನ ಜೀನ್ಸ್ ಹೊಲಿಗೆ ಯೂನಿಟ್ ಇತ್ತು. ಯಾರು ಎಷ್ಟು ಪೀಸ್ ಹೊಲಿದರು ಅನ್ನೋ ಲೆಕ್ಕವೆಲ್ಲ ಒಂದು ಹಳೇ ಕಂಪ್ಯೂಟರಿನಲ್ಲಿ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನೇ. ವರ್ಷಗಟ್ಟಲೆ ಸುಮ್ನೆ ಓಡುತ್ತಿತ್ತು. ಶನಿವಾರ ಬಟವಾಡೆ. ಶುಕ್ರವಾರ ರಾತ್ರಿ ನನಗೆ ಹೊಸ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಹಾಕುವ ಹುಕಿ ಬಂತು.

ರೀಬೂಟ್ ಮಾಡಿದೆ. ಸ್ವಲ್ಪ ಹೊತ್ತು ಕಾದು, '/ಡೆವ್/ಎಚ್‌ಡಿಎ1 ಇಲ್ಲ' ಎಂದು, ಅಂದರೆ ಡಿಸ್ಕಿನ ಮೊದಲ ಭಾಗವೇ ಸಿಗುತ್ತಿಲ್ಲ ಎಂದು ಹೇಳಿ ನಿಂತುಬಿಟ್ಟಿತು. ಕೆಳಗೆ ಕಮಾಂಡ್ ಟೈಪ್ ಮಾಡಲು ಬಿಝಿಬಾಕ್ಸ್ ಅನ್ನೋ ಪುಟ್ಟ ಶೆಲ್ ಮಾತ್ರ.

"ಸುಮ್ನಿದ್ದ ಮಿಷನ್ನಿಗೆ ಯಾಕೆ ಕೈ ಹಚ್ಚಿದ್ಯೋ? ನಾಳೆ ಹುಡುಗರಿಗೆ ಏನ್ ಹೇಳ್ಲಿ?" ಎಂದರು ಮಾವ.

ಡಿಸ್ಕ್ ಸತ್ತಿದೆ ಅಂದುಕೊಂಡೆ. ಕ್ಯಾಬಿನೆಟ್ ಬಿಚ್ಚಿದರೆ ಒಳಗೆಲ್ಲ ಜೀನ್ಸಿನ ನೀಲಿ ನೂಲಿನ ಧೂಳು. ಡಿಸ್ಕಿಗೆ ಹೋಗುವ ಹಳೇ ಕಾಲದ ಅಗಲದ ಐಡಿಇ ಕೇಬಲ್ ಕಿತ್ತು, ಊದಿ, ಮತ್ತೆ ಸಿಗಿಸಿದೆ. ಒಂದು ಗಂಟೆ ದಂಡ. ಆಮೇಲೆ ಹೊಳೆಯಿತು: ಕರ್ನಲ್ ಬಂದದ್ದೇ ಆ ಡಿಸ್ಕಿನಿಂದ ಅಲ್ವಾ? ಮತ್ತೆ ಡಿಸ್ಕ್ ಸತ್ತಿದ್ದು ಹೇಗೆ?

ಶೆಲ್‌ನಲ್ಲೇ ಕರ್ನಲ್‌ಗೆ ಕಂಡ ಡಿಸ್ಕುಗಳ ಪಟ್ಟಿ ಇರುವ ಪ್ರೊಕ್ ಪಾರ್ಟಿಶನ್ಸ್ ಫೈಲ್ ತೆರೆದು ನೋಡಿದೆ. ಎಸ್‌ಡಿಎ, ಎಸ್‌ಡಿಎ1, ಎಸ್‌ಡಿಎ5. ಡಿಸ್ಕ್ ಅಲ್ಲೇ ಇತ್ತು, ಹೆಸರು ಮಾತ್ರ ಬೇರೆ! ಹಳೇ ಕರ್ನಲ್‌ಗಳಲ್ಲಿ ಐಡಿಇ ಡಿಸ್ಕಿಗೆ ಪ್ರತ್ಯೇಕ ಡ್ರೈವರ್ ಇತ್ತು, ಅದು ಎಚ್‌ಡಿ ಎಂದು ಹೆಸರಿಡುತ್ತಿತ್ತು. ಆಮೇಲೆ ಬಂದ ಲಿಬ್‌ಎಟಿಎ ಎಂಬ ಹೊಸ ಡ್ರೈವರ್ ಗುಂಪು ಅವನ್ನೂ ಸ್ಕಸಿ ಎಂಬ ಇನ್ನೊಂದು ಬಗೆಯ ಡಿಸ್ಕುಗಳ ದಾರಿಯಲ್ಲೇ ತಂದಿತು, ಎಲ್ಲವೂ ಎಸ್‌ಡಿ ಆದವು. ಲಿನಕ್ಸಿನ ಒಂದು ಬಗೆಯಾದ ಫೆಡೋರಾ 7 ಈ ಬದಲಾವಣೆಯನ್ನು 2007ರಲ್ಲೇ ಮಾಡಿತ್ತು. ನಾನು ಏಳು ವರ್ಷ ಮಲಗಿದ್ದೆ, ಅಷ್ಟೇ.

ಕಂಪ್ಯೂಟರ್ ಶುರುವಾಗುವಾಗ ಕರ್ನಲ್ ಎತ್ತುವ ಗ್ರಬ್‌ನ ಮೆನುವಿನಲ್ಲಿ 'ಇ' ಒತ್ತಿ, ಮುಖ್ಯ ಡಿಸ್ಕ್ ಯಾವುದೆಂದು ಹೇಳುವ ರೂಟ್ ಸಾಲಿನಲ್ಲಿ ಎಚ್ ತೆಗೆದು ಎಸ್ ಹಾಕಿದೆ. ಬೂಟ್ ಆಯಿತು. ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲೂ ಹಳೇ ಹೆಸರೇ ಇತ್ತು. ಈ ಸಲ ಹೆಸರೇ ಬೇಡ ಎಂದು ಬಿಎಲ್‌ಕೆಐಡಿ ಕಮಾಂಡ್ ಕೊಟ್ಟ ಯುಯುಐಡಿಯನ್ನು, ಅಂದರೆ ಡ್ರೈವರ್ ಬದಲಾದರೂ ಬದಲಾಗದ ಗುರುತಿನ ಸಂಖ್ಯೆಯನ್ನು, ಎರಡೂ ಕಡೆ ಬರೆದೆ. ಊರಿನ ಸ್ಪೆಲ್ಲಿಂಗ್ ಏನಾದರೂ ರೈಲ್ವೆ ಸ್ಟೇಷನ್ ಕೋಡ್ ಇವತ್ತಿಗೂ ಬಿ-ಎ-ವೈ, ಹಾಗೆ.

ಮಾವನಿಗೆ ವಿವರಿಸಿದೆ. ಅವರು ಬಿಲ್ ಬುಕ್ ತೋರಿಸಿದರು, ಅದರ ಮೇಲೆ ಇನ್ನೂ ಹಳೇ ಸ್ಪೆಲ್ಲಿಂಗೇ.

"ಇದಕ್ಕೆ ಯಾವ ಗಿರಾಕೀನೂ ದಾರಿ ತಪ್ಪಿಲ್ಲ ನೋಡು. ನಿನ್ನ ಮಿಷನ್ನಿಗೇ ಇಷ್ಟು ಸೊಕ್ಕು."

ಇನ್ನು ಕೈ ಹಚ್ಚೋದಿದ್ದರೆ ಬಟವಾಡೆ ಮುಗಿದ ಮೇಲೆ ಎಂದು ಮಾತು ತಗೊಂಡೇ ಶಟರ್ ಎಳೆದರು.